ಯಾವ ನಾಯಿ?

ಮೇಘಶ್ರೀ ಕಿರುಚಿದ್ದು ಕೇಳಿದಾಗ ಗೋವಿಂದಮ್ಮ ಒಲೆಯ ಮುಂದೆ ನಿಂತು ಹಾಲು ಉಕ್ಕದಂತೆ ನೋಡಿಕೊಳ್ಳುತ್ತಿದ್ದಳು. ಅವಳಿಗೆ ಮೊದಲು ಹೊಳೆದದ್ದೇ ನಾಯಿ. ಯಾಕೆಂದರೆ ಸ್ವಲ್ಪ ಹೊತ್ತಿನ ಮುಂಚೆ ಅದರ ಸರಪಳಿ ಬಿಚ್ಚಿದವಳು ಅವಳೇ.

ಹೊರಗೆ ಓಡಿ ಬಂದಾಗ ಮೇಘಶ್ರೀ ಮೆಟ್ಟಿಲ ಬುಡದಲ್ಲಿ ಕುಸಿದು ಕೂತಿದ್ದಳು. ಊಟದ ಡಬ್ಬಿ ಉರುಳಿ ಚಿತ್ರಾನ್ನ ನೆಲದ ತುಂಬ ಚೆಲ್ಲಿತ್ತು. ಮಣಿ ಗೇಟಿನ ಹತ್ತಿರ ನಿಂತು ಇನ್ನೂ ಗುರುಗುಡುತ್ತಿತ್ತು. ಹುಡುಗಿ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದು ಅದು ತನ್ನದಲ್ಲವೇನೋ ಎಂಬಂತೆ ನೋಡುತ್ತಿದ್ದಳು. ತೋರುಬೆರಳೂ ನಡುಬೆರಳೂ ಬುಡದಲ್ಲಿ ಹರಿದು ರಕ್ತ ಮೊಣಕೈವರೆಗೆ ಇಳಿದಿತ್ತು.

"ಅಯ್ಯೋ ನನ್ನ ಕಂದ!" ಎಂದು ಗೋವಿಂದಮ್ಮ ಒಳಗೆ ಓಡಿ ಅರಿಶಿನದ ಡಬ್ಬಿ ತಂದಳು. ಕೈಗೆ ಬಂದಷ್ಟನ್ನು ಗಾಯಕ್ಕೆ ಒತ್ತಿ, ತನ್ನ ಹಳೇ ಸೀರೆಯ ತುಂಡಿನಿಂದ ಬಿಗಿಯಾಗಿ ಸುತ್ತಿದಳು. ಅಷ್ಟರಲ್ಲಿ ಮಹಡಿಯಿಂದ ಮೇಘಶ್ರೀಯ ಗಂಡ ನಂದೀಶ್ ಲುಂಗಿಯಲ್ಲೇ ಇಳಿದು ಬಂದ. ಗೋವಿಂದಮ್ಮನ ಗಂಡ ತಿಮ್ಮರಾಯಪ್ಪ ಕಾರಿನ ಬೀಗದ ಕೈ ಹುಡುಕತೊಡಗಿದ.

ಚನ್ನರಾಯಪಟ್ಟಣದ ಕಡೆಯಿಂದ ಬಂದಿದ್ದ ಆ ಗಂಡ ಹೆಂಡತಿ ಅವರ ಮಹಡಿಯ ಮನೆಗೆ ಬಾಡಿಗೆಗೆ ಬಂದು ಎರಡು ವರ್ಷವಾಗಿತ್ತು. ನಂದೀಶ್ ಹೊಸೂರಿನ ಕೈಗಾರಿಕಾ ಪ್ರದೇಶ ಸಿಪ್ಕಾಟಿನ ಒಂದು ಕಾರ್ಖಾನೆಯ ಗೋದಾಮಿನಲ್ಲಿದ್ದ. ಮೇಘಶ್ರೀ ಇನ್ನೊಂದು ಕಾರ್ಖಾನೆಯಲ್ಲಿ ಭೂತಗನ್ನಡಿಯ ಕೆಳಗೆ ಚಿಮಟದಿಂದ ಸಣ್ಣ ಸಣ್ಣ ಬಿಡಿಭಾಗಗಳನ್ನು ಜೋಡಿಸುವ ಕೆಲಸ ಮಾಡುತ್ತಿದ್ದಳು. ಶುಕ್ರವಾರ ಸಂಜೆ ಅವಳು ಕೆಳಗೆ ಬಂದು ಗೋವಿಂದಮ್ಮನ ಜೊತೆ ಜಗಲಿಯಲ್ಲಿ ಕೂತು ಹೂ ಕಟ್ಟುವುದಿತ್ತು. ಮೊಗ್ಗಿನ ಮೇಲೆ ಅವಳ ಬೆರಳು ಓಡುವುದನ್ನು ನೋಡಿ ಗೋವಿಂದಮ್ಮ, "ನಂಗೆ ಹೆಣ್ಮಗು ಇದ್ದಿದ್ರೆ ಇಂಗೇ ಇರ್ತಿತ್ತು ಕಣಮ್ಮಿ," ಎಂದು ಎಷ್ಟೋ ಸಲ ಹೇಳಿದ್ದಳು.

ಮಣಿ ಮೊದಲೂ ಸಾಧುವಾಗಿರಲಿಲ್ಲ. ಗ್ಯಾಸ್ ಸಿಲಿಂಡರ್ ತರುವವನ ಪ್ಯಾಂಟು ಹಿಡಿದು ಹರಿದಿತ್ತು. ಆಗ ನಂದೀಶ್ ಕೆಳಗೆ ಬಂದು, "ಅಣ್ಣ, ಕಟ್ಟಾಕಿಬಿಡಿ. ಮೇಘಾಗೆ ಭಯ," ಎಂದು ಕೇಳಿದ್ದ. ತಿಮ್ಮರಾಯಪ್ಪ ನಕ್ಕು, "ಅದು ಮನೆಯೋರ್ನ ಏನೂ ಮಾಡಲ್ಲ ಕಣಪ್ಪ. ಬೊಗಳೋ ನಾಯಿ ಕಚ್ಚಲ್ಲ," ಎಂದು ಕಳಿಸಿದ್ದ. ಆಮೇಲೆ ಹಗಲೆಲ್ಲ ಕಟ್ಟುವುದು, ಬೆಳಗಿನ ಜಾವ ಒಂದಿಷ್ಟು ಬಿಡುವುದು ರೂಢಿಯಾಗಿತ್ತು. ಜನ ಓಡಾಡುವ ಹೊತ್ತಿಗೆ ಮತ್ತೆ ಕಟ್ಟಬೇಕಿತ್ತು. ಅಂದು ಗೋವಿಂದಮ್ಮ ಮಣಿಗೆ ಅನ್ನ ಹಾಕಿ, ಗೇಟು ಹಾಕಿದೆ ಎಂಬ ಧೈರ್ಯದ ಮೇಲೆ ಹಾಲು ಕಾಯಿಸಲು ಒಳಗೆ ಹೋಗಿದ್ದಳು. ಮೊದಲ ಪಾಳಿಯ ವ್ಯಾನಿಗೆಂದು ಇಳಿದು ಬಂದ ಮೇಘಶ್ರೀ ಅನ್ನದ ತಟ್ಟೆಯನ್ನು ದಾಟಿದ್ದಳು, ಅಷ್ಟೇ.

ಆಸ್ಪತ್ರೆಯಿಂದ ತಿಮ್ಮರಾಯಪ್ಪ ಒಬ್ಬನೇ ಹಿಂತಿರುಗಿದಾಗ ಬಿಸಿಲು ಏರಿತ್ತು. ಅವನು ಚಪ್ಪಲಿ ಬಿಡುವ ಮೊದಲೇ ಮಗನನ್ನು ಕೂಗಿದ.

"ಹರೀ, ಗಾಡಿ ತೆಗೀಲಾ. ಮಣೀನ ಉದ್ದನಪಲ್ಲಿಗೆ, ನಿಮ್ಮ ಮಾವನ ತ್ವಾಟಕ್ಕೆ ಬಿಟ್ಟು ಬಾ. ಈಗ್ಲೇ."

ಗೋವಿಂದಮ್ಮನಿಗೆ ಅರ್ಥವಾಗಲಿಲ್ಲ. "ಯಾಕೆ? ಮೇಘ ಎಂಗವ್ಳೆ?"

"ಕೈ ತೊಳ್ದು ಸೂಜಿ ಹಾಕ್ತಾವ್ರೆ. ನೀನು ಅರಿಶಿನ ತುಂಬಿದ್ದಕ್ಕೆ ಆ ನರ್ಸಮ್ಮ ನಂಗೆ ಬೈದ್ಲು. ಸೋಪು ಹಾಕಿ ಕೊಳಾಯಿ ಕೆಳಗೆ ತೊಳೀಬೇಕಿತ್ತಂತೆ, ಗಾಯಕ್ಕೆ ಏನೂ ಮೆತ್ತಬಾರ್ದಂತೆ." ಅವನು ನೀರು ಕುಡಿದು ದನಿ ಇಳಿಸಿದ. "ಡಾಕ್ಟ್ರು ಕೇಳಿದ್ರು, ಸಾಕಿದ ನಾಯೋ, ಬೀದಿ ನಾಯೋ ಅಂತ. ನಾನು ತೆರು ನಾಯ್ ಸಾರ್, ಬೀದೀದು ಅಂದೆ."

"ನಂದೀಶ?"

"ಪಕ್ಕದಲ್ಲೇ ನಿಂತಿದ್ದ. ಏನೂ ಮಾತಾಡ್ಲಿಲ್ಲ."

ಹರಿಕೃಷ್ಣ ಮಣಿಯನ್ನು ತನ್ನ ಗೂಡ್ಸ್ ಗಾಡಿಯ ಹಿಂದೆ ಹತ್ತಿಸುವಾಗ ಅದು ಸವಾರಿಯ ಖುಷಿಯಲ್ಲಿ ಬಾಲ ಆಡಿಸುತ್ತಿತ್ತು. ಎದುರು ಮನೆಯ ಮುನಿವೆಂಕಟಮ್ಮ ಕಾಂಪೌಂಡಿನ ಮೇಲಿಂದ ನೋಡುತ್ತಿದ್ದಳು. ಗೋವಿಂದಮ್ಮ ಅವಳತ್ತ ಮುಖ ಎತ್ತಲಿಲ್ಲ. ನೆಲದ ರಕ್ತದ ಮೇಲೆ ನೀರು ಸುರಿದು ಪೊರಕೆಯಿಂದ ತಿಕ್ಕತೊಡಗಿದಳು.

ನಗರಪಾಲಿಕೆಯವರು ಬಂದದ್ದು ಮಾರನೆಯ ದಿನ. ಬೀದಿ ನಾಯಿ ಕಚ್ಚಿದೆಯೆಂದು ಆಸ್ಪತ್ರೆಯಿಂದ ಸುದ್ದಿ ಹೋಗಿತ್ತು. ಬಲೆ ಹಿಡಿದ ಇಬ್ಬರ ಜೊತೆ ಬಂದಿದ್ದ ಮೇಸ್ತ್ರಿ ಬೀದಿಯ ಕೊನೆಯವರೆಗೂ ಹೋಗಿ ಬಂದು ಇವರ ಗೇಟಿನ ಮುಂದೆ ನಿಂತು ತಮಿಳಿನಲ್ಲಿ ಕೇಳಿದ. ಯಾವ ಬಣ್ಣದ ನಾಯಿ, ಯಾವ ಕಡೆ ಓಡಿತು, ನಿಮ್ಮ ಮನೆಯಲ್ಲಿ ನಾಯಿ ಇದೆಯೇ?

"ಇಲ್ಲೀಂಗ," ಎಂದಳು ಗೋವಿಂದಮ್ಮ. "ಎಂಗ ವೀಟ್ಲ ನಾಯಿ ಇಲ್ಲ."

ಹೇಳಿ ತಿರುಗಿದರೆ ಮಹಡಿಯ ಮೆಟ್ಟಿಲ ಮೇಲೆ ಮೇಘಶ್ರೀ ನಿಂತಿದ್ದಳು. ಕೈಗೆ ದಪ್ಪ ಬ್ಯಾಂಡೇಜು, ಕೊರಳಿಂದ ಜೋಲಿ. ಗೋಡೆಯ ಕೊಂಡಿಯಲ್ಲಿ ಮಣಿಯ ಸರಪಳಿ ಇನ್ನೂ ನೇತಾಡುತ್ತಿತ್ತು. ಮೇಘಶ್ರೀ ಅದನ್ನು ನೋಡಿದಳು, ಗೋವಿಂದಮ್ಮನನ್ನು ನೋಡಿದಳು, ಮೇಲೆ ಹತ್ತಿ ಹೋದಳು.

ಆ ಜನ ಬೀದಿಯಲ್ಲಿ ಯಾರ ತಂಟೆಗೂ ಹೋಗದೆ ಮಲಗಿದ್ದ ಒಂದು ಕೆಂಚು ನಾಯಿಯನ್ನು ಬಲೆ ಹಾಕಿ ವ್ಯಾನಿಗೆ ಎಸೆದುಕೊಂಡು ಹೋದರು. ಅದು ಕಿರುಚಿದ ಶಬ್ದ ತಿರುವಿನವರೆಗೂ ಕೇಳಿಸಿತು. ಗೋವಿಂದಮ್ಮ ಒಳಗೆ ಹೋಗಿ ಬಚ್ಚಲಿನ ಬಾಗಿಲು ಹಾಕಿಕೊಂಡಳು. ನಲ್ಲಿ ಬಿಟ್ಟು ಮುಖ ತೊಳೆದಳು. ಮತ್ತೆ ತೊಳೆದಳು.

ಗಾಯ ಸುಲಭಕ್ಕೆ ಬಗ್ಗಲಿಲ್ಲ. ನಾಯಿ ಕಡಿತವಾದ್ದರಿಂದ ಕೂಡಲೇ ಹೊಲಿಗೆ ಹಾಕುವಂತಿರಲಿಲ್ಲ. ನಂಜು ಸೇರಿ ಅಂಗೈ ಬಾತುಕೊಂಡಿತು. ಬೆರಳಿನ ನರವೊಂದು ತುಂಡಾಗಿದೆ, ಊತ ಇಳಿದ ಮೇಲೆ ಆಪರೇಶನ್ ಮಾಡಬೇಕು ಎಂದರು. ಇವೆಲ್ಲ ಗೋವಿಂದಮ್ಮನಿಗೆ ಗೊತ್ತಾಗುತ್ತಿದ್ದದ್ದು ಮುನಿವೆಂಕಟಮ್ಮನ ಬಾಯಿಂದ. ತನ್ನ ತಲೆಯ ಮೇಲಿನ ಮನೆಯ ಸುದ್ದಿ ಅವಳಿಗೆ ಎದುರು ಮನೆಯಿಂದ ಬರುತ್ತಿತ್ತು. ಹಗಲು ಹೊತ್ತು ಮಹಡಿಯಲ್ಲಿ ಹೆಜ್ಜೆ ಸಪ್ಪಳವಾದರೆ ಕೈಲಿದ್ದ ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಒಂದು ದಿನ ಸಾರು ತುಂಬಿದ ಪಾತ್ರೆ ಹಿಡಿದು ಅರ್ಧ ಮೆಟ್ಟಿಲು ಹತ್ತಿದವಳು ವಾಪಸು ಇಳಿದು ಬಂದಳು.

ಒಂದು ಮಧ್ಯಾಹ್ನ ಮೇಘಶ್ರೀಯೇ ಕೆಳಗೆ ಬಂದಳು. ಮನೆಯಲ್ಲಿ ಗೋವಿಂದಮ್ಮ ಒಬ್ಬಳೇ ಇದ್ದಳು. ಹುಡುಗಿಯ ಕಣ್ಣ ಕೆಳಗೆ ಕಪ್ಪಾಗಿತ್ತು, ತಲೆ ಬಾಚಿರಲಿಲ್ಲ. ಎಡಗೈಯಲ್ಲಿ ಬಾಚಿಕೊಳ್ಳಲು ಬರದೆಂದು ತೋರಿತು. ಒಳಗೆ ಕರೆದರೂ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತಳು.

"ಆಂಟಿ, ನಾನು ಜಗಳಕ್ಕೆ ಬಂದಿಲ್ಲ. ಒಂದೇ ಒಂದು ಮಾತು ಕೇಳ್ತೀನಿ. ಮಣಿ ಚೆನ್ನಾಗಿದ್ಯಾ?"

ಗೋವಿಂದಮ್ಮ ಬೀದಿಯ ಕಡೆ ನೋಡಿದಳು.

"ನಾಯಿ ಹತ್ತು ದಿನ ಚೆನ್ನಾಗಿದ್ರೆ ಹೆದ್ರೋದೇನಿಲ್ಲ ಅಂದ್ರು ಡಾಕ್ಟ್ರು. ನೋಡಕ್ಕೆ ನಾಯೇ ಇಲ್ವಲ್ಲ. ಸೂಜಿ ಹಾಕಿಸ್ಕೊತಾ ಇದ್ದೀನಿ, ಆದ್ರೂ ನೀರು ಕುಡಿಯೋವಾಗೆಲ್ಲ ಗಂಟಲು ಹಿಡೀತಾ ಇದ್ಯಾ ಅಂತ ನೋಡ್ಕೊತೀನಿ. ರಾತ್ರಿ ನಿದ್ದೆ ಬರಲ್ಲ. ಅದು ಅನ್ನ ತಿಂತಾ ಇದ್ಯಾ, ಓಡಾಡ್ತಾ ಇದ್ಯಾ, ಅಷ್ಟು ಹೇಳಿ ಸಾಕು. ನಾನು ಯಾರಿಗೂ ಹೇಳಲ್ಲ."

ಉತ್ತರ ಗೋವಿಂದಮ್ಮನ ಬಾಯಲ್ಲಿತ್ತು. ಹಿಂದಿನ ದಿನವೇ ತಮ್ಮ ಮುನೀಶ್ ಫೋನು ಮಾಡಿ, "ನಿನ್ನ ನಾಯಿ ನನ್ನ ಕೋಳಿ ಎಲ್ಲಾ ಓಡಾಡಿಸ್ತೈತೆ ಅಕ್ಕಯ್ಯ," ಎಂದು ದೂರಿದ್ದ. ಆದರೆ ಅವಳ ಕಿವಿಯಲ್ಲಿ ಗಂಡನ ಮಾತು ಗುಂಯ್ಗುಡುತ್ತಿತ್ತು. ಒಂದು ಸಲ ನಮ್ದು ಅಂತ ಬಾಯ್ಬಿಟ್ರೆ ಮುಗೀತು, ಕೇಸು ಆಗ್ತೈತೆ, ಬಿಚ್ಚಿದೋರು ಯಾರು ಅಂತ ಕೇಳ್ತಾರೆ, ನೀನೇ ಸ್ಟೇಷನ್ ಮೆಟ್ಲು ಹತ್ತಬೇಕಾಗ್ತೈತೆ. ಅವಳು ಸೆರಗನ್ನು ಹೊದ್ದುಕೊಂಡು, ತಾನೇ ಗುರುತಿಸದ ದನಿಯಲ್ಲಿ ಅಂದಳು:

"ಯಾವ ನಾಯಿ?"

ಮೇಘಶ್ರೀ ಅಳಲಿಲ್ಲ, ಕೂಗಾಡಲಿಲ್ಲ. ಕೇಳಿಸಿದ್ದು ಸರಿಯೇ ಎಂದು ತಿಳಿಯಬಯಸುವವಳಂತೆ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. ಆಮೇಲೆ, "ಆಯ್ತು ಆಂಟಿ," ಎಂದು ತಿರುಗಿ ಹೋದಳು. ಮೆಟ್ಟಿಲು ಹತ್ತುವಾಗ ಅವಳು ಗೋಡೆಗೆ ಒರಗಿ ನಿಂತ ಸದ್ದು, ಮತ್ತೆ ಹತ್ತಿದ ಸದ್ದು ಕೇಳಿಸಿತು.

ಅವತ್ತಿನಿಂದ ಗೋವಿಂದಮ್ಮನಿಗೆ ಅನ್ನ ಸೇರಲಿಲ್ಲ. ತುತ್ತು ಎತ್ತಿದರೆ ಆ ಎರಡು ಮಾತು ನಾಲಿಗೆಯ ಮೇಲೆ ಕೂತಿರುತ್ತಿದ್ದವು. ನಗರಪಾಲಿಕೆಯವರ ಮುಂದೆ ಹೇಳಿದ ಸುಳ್ಳನ್ನು ಗಂಡನ ತಲೆಗೆ ಕಟ್ಟಬಹುದಿತ್ತು. ಇದನ್ನು ಯಾರ ತಲೆಗೆ ಕಟ್ಟುವುದು? ಕೇಳಿದವಳು ಪೊಲೀಸಲ್ಲ, ವಕೀಲಳಲ್ಲ. ಜೀವದ ಭಯದಿಂದ ಬಾಗಿಲಿಗೆ ಬಂದು ನಿಂತ ಹುಡುಗಿ.

ಎರಡು ದಿನ ತಡೆದುಕೊಂಡು, ತವರಿಗೆ ಹೋಗಿ ಬರುತ್ತೇನೆಂದು ಗಂಡನಿಗೆ ಹೇಳಿ ರಾಯಕೋಟೆಯ ಬಸ್ಸು ಹತ್ತಿದಳು. ಉದ್ದನಪಲ್ಲಿಯಲ್ಲಿ ಇಳಿದು ತೋಟದ ದಾರಿ ಹಿಡಿದಾಗಲೇ ಮಣಿಗೆ ಅವಳ ವಾಸನೆ ಬಡಿದಿತ್ತು. ಕೋಸಿನ ಸಾಲುಗಳ ನಡುವಿನಿಂದ ಹಾರಿ ಬಂದು ಅವಳ ಕಾಲಿಗೆ ಸುತ್ತಿಕೊಂಡು, ಸೀರೆಗೆ ಮೂತಿ ಉಜ್ಜಿ, ಕುಂಯ್ಗುಟ್ಟಿತು.

"ಥೂ, ದೂರ ಹೋಗು!" ಎಂದವಳು ಮರುಕ್ಷಣ ಅಲ್ಲೇ ಬದುವಿನ ಮೇಲೆ ಕೂತು ಅದರ ತಲೆ ಹಿಡಿದುಕೊಂಡಳು. ಕಣ್ಣು ನೋಡಿದಳು, ಬಾಯಿ ಬಿಡಿಸಿ ನೋಡಿದಳು. ಮುನೀಶನಿಂದ ತಣಿಗೆಯಲ್ಲಿ ನೀರು ತರಿಸಿದಳು. ಮಣಿ ಲೊಚಲೊಚ ಕುಡಿಯಿತು. ರಾಗಿ ಮುದ್ದೆ ಹಾಕಿದಳು, ಅದನ್ನೂ ತಿಂದಿತು.

"ಏನಕ್ಕಯ್ಯ, ನಾಯಿಗೆ ಹೆಣ್ಣು ನೋಡಕ್ಕೆ ಬಂದಂಗೆ ನೋಡ್ತೀಯ," ಎಂದ ಮುನೀಶ್.

ಅವಳು ನಗಲಿಲ್ಲ. "ಇದು ಕಚ್ಚಿದ್ದು ನಿಂಗೆ ಗೊತ್ತಾ?"

"ಹರಿ ಹೇಳ್ದ. ಬೀದಿ ನಾಯಿ ಅಂತ ಬಾವ ಮುಗಿಸ್ಬುಟ್ರಂತಲ್ಲ. ಒಳ್ಳೇದೇ ಆಯ್ತು ಬಿಡು."

"ಒಳ್ಳೇದು," ಎಂದಳು ಗೋವಿಂದಮ್ಮ. ತಮ್ಮನ ಹೆಂಡತಿ ಬಡಿಸಿದ ಊಟ ಮುಟ್ಟದೆ, ಸಿಕ್ಕ ಬಸ್ಸಿಗೆ ಹಿಂತಿರುಗಿದಳು.

ಮನೆ ಸೇರಿದವಳು ಈ ಸಲ ಮೆಟ್ಟಿಲ ಅರ್ಧದಲ್ಲಿ ನಿಲ್ಲಲಿಲ್ಲ. ಬಾಗಿಲು ತೆರೆದದ್ದು ನಂದೀಶ್. ಅವನ ಹಿಂದೆ ಮಂಚದ ಮೇಲೆ ಮೇಘಶ್ರೀ ಗೋಡೆಗೆ ಒರಗಿ ಕೂತಿದ್ದಳು.

"ಮಣಿ ಚೆನ್ನಾಗೈತಮ್ಮಾ," ಎಂದಳು ಗೋವಿಂದಮ್ಮ ಏದುಸಿರು ಬಿಡುತ್ತಾ. "ಉದ್ದನಪಲ್ಲೀಲೈತೆ. ಈಗ ನೋಡ್ಕೊಂಡು ಬತ್ತಾ ಇದೀನಿ. ನೀರು ಕುಡೀತು, ಮುದ್ದೆ ತಿಂತು. ಹುಚ್ಚು ಗಿಚ್ಚು ಏನೂ ಇಲ್ಲ. ನೀನು ಹೆದ್ರಬ್ಯಾಡ."

ಮೇಘಶ್ರೀ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಅಷ್ಟು ದಿನ ಬಿಗಿಹಿಡಿದಿದ್ದ ಭುಜಗಳು ಇಳಿದದ್ದು ಗೋವಿಂದಮ್ಮನಿಗೆ ಕಾಣಿಸಿತು. ಆದರೆ ಕಣ್ಣು ತೆರೆದಾಗ ಆ ನೋಟದಲ್ಲಿ ಬಿಸುಪಿರಲಿಲ್ಲ.

"ಇದನ್ನ ಅಲ್ಲಿ ಹೇಳ್ತೀರಾ?"

"ಎಲ್ಲಿ?"

"ಸ್ಟೇಷನ್ನಲ್ಲಿ. ನಾವು ಇವತ್ತು ದೂರು ಕೊಟ್ಟು ಬಂದ್ವಿ."

ನಂದೀಶ್ ತಲೆ ತಗ್ಗಿಸಿದ್ದ. "ನಾನೇ ಬೇಡ ಅಂತಿದ್ದೆ ಆಂಟಿ," ಎಂದ ಮೆಲ್ಲಗೆ. "ಆಸ್ಪತ್ರೇಲಿ ಅಣ್ಣ ಬೀದಿ ನಾಯಿ ಅಂದಾಗ ಅಲ್ಲ ಅನ್ನಕ್ಕೆ ನಂಗೆ ಬಾಯಿ ಬರ್ಲಿಲ್ಲ. ಬೇರೆ ಊರಿಂದ ಬಂದೋರು, ಇವರ ಮನೇಲೇ ಇರೋರು ಅಂತ ಸುಮ್ಮನಾದೆ. ಅವಳ ಕೈ ಹಿಡ್ಕೊಂಡು ಸುಮ್ಮನೆ ನಿಂತಿದ್ದೆ. ಆವತ್ತಿಂದ ಇವಳು ನನ್ನ ಮುಖ ನೋಡಿ ಮಾತಾಡಿಲ್ಲ."

ಮೇಘಶ್ರೀ ಗೋಡೆಯ ಕಡೆ ಮುಖ ತಿರುಗಿಸಿದಳು. ಗೋವಿಂದಮ್ಮ ಮೆಟ್ಟಿಲು ಇಳಿದು ಬಂದಳು.

ದೂರಿನ ಹಿಂದೆಯೇ ವಕೀಲರ ನೋಟಿಸು ಬಂತು. ಹೊಸೂರು ಕೋರ್ಟಿನಲ್ಲಿ ಬಡವರಿಗೆ, ಹೆಂಗಸರಿಗೆ ಉಚಿತವಾಗಿ ಕಾನೂನು ನೆರವು ಕೊಡುವ ಕಚೇರಿಯಿದೆ. ಕಾರ್ಖಾನೆಯ ಗೆಳತಿಯೊಬ್ಬಳು ಮೇಘಶ್ರೀಯನ್ನು ಅಲ್ಲಿಗೆ ಕರೆದೊಯ್ದಿದ್ದಳು. ಅಂಬರೀಶ್ ಎಂಬ ವಕೀಲ ಅವಳ ಪರ ನಿಂತಿದ್ದ. ನಾಯಿ ಸಾಕಿದವರು ಅದು ಕಚ್ಚುವಂಥದೆಂದು ಗೊತ್ತಿದ್ದೂ ಕಟ್ಟದೆ ಬಿಟ್ಟರೆ ಅದು ಅಪರಾಧ. ಅದರ ಜೊತೆಗೆ ಚಿಕಿತ್ಸೆಯ ಖರ್ಚು, ಹೋದ ಸಂಬಳ, ಕೈಗೆ ಊನವಾದರೆ ಅದರ ನಷ್ಟ ಇಷ್ಟನ್ನೂ ಕಟ್ಟಿಕೊಡಬೇಕು ಎಂದು ನೋಟಿಸಿನಲ್ಲಿತ್ತು. ಹರಿಕೃಷ್ಣ ಅದನ್ನು ಓದಿ ಕನ್ನಡದಲ್ಲಿ ಹೇಳಿದ.

ತಿಮ್ಮರಾಯಪ್ಪ ಸಿಡಿದೆದ್ದ. "ನಮ್ಮ ಮನೇಲಿದ್ದುಕೊಂಡು ನಮಗೇ ನೋಟಿಸ್ ಕೊಡ್ತಾರಾ? ಸಾಕ್ಷಿ ಯಾರ್ಲಾ? ಈ ಬೀದೀಲಿ ನನ್ನ ವಿರುದ್ಧ ಬಾಯಿ ಬಿಡೋರು ಯಾರವ್ರೆ?"

ಯಾರೂ ಇರಲಿಲ್ಲ, ಅದು ನಿಜ. ಅಂಬರೀಶ್ ಬಂದು ಮನೆ ಮನೆ ವಿಚಾರಿಸಿದಾಗ ಮುನಿವೆಂಕಟಮ್ಮ ಕೂಡ, "ನಂಗೆ ಕಣ್ಣು ಸರಿಯಾಗಿ ಕಾಣ್ಸಲ್ಲಪ್ಪ," ಎಂದು ಒಳಗೆ ಹೋಗಿದ್ದಳು. ನಾಳೆ ಬೀದಿಯಲ್ಲಿ ನೀರಿನ ಪೈಪು, ಮೋರಿ ಎಂದರೆ ತಿಮ್ಮರಾಯಪ್ಪನ ಮಾತೇ ನಡೆಯುವುದು.

"ನಾಯಿ ನಮ್ದೇ ಅಲ್ವಾ?" ಎಂದಳು ಗೋವಿಂದಮ್ಮ.

ಗಂಡ ಅವಳತ್ತ ತಿರುಗಿದ. ಅವನ ಕಣ್ಣಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. "ನಾನು ಯಾರಿಗೋಸ್ಕರ ಸುಳ್ಳು ಹೇಳ್ದೆ ಗೋವಿಂದಿ? ಸರಪಳಿ ಬಿಚ್ಚಿದ್ದು ನಾನಾ?"

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಅದಕ್ಕೇ ಅದು ಇನ್ನೂ ಚುಚ್ಚಿತು.

ಸ್ಟೇಷನ್ನಿಗೆ ಎರಡೂ ಕಡೆಯವರನ್ನು ಕರೆಸಿದಾಗ ಗೋವಿಂದಮ್ಮನ ಹೆಸರು ಕರೆಯಲ್ಲಿರಲಿಲ್ಲ. ಆದರೂ ಅವಳು ಒಗೆದ ಸೀರೆ ಉಟ್ಟು ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತಳು. "ನೀನ್ಯಾಕೆ?" ಎಂದ ಗಂಡ. ಅವಳು ಇಳಿಯಲಿಲ್ಲ. ಅವನು ಮತ್ತೆ ಕೇಳಲಿಲ್ಲ.

ಎಸ್.ಐ. ಒಬ್ಬಳು ಹೆಂಗಸು, ತಮಿಳಿನವಳು. ಇವರ ಮಾತು ಅರ್ಥವಾಗುವಷ್ಟು ಕನ್ನಡ, ತೆಲುಗು ಬರುತ್ತಿತ್ತು. ಮೇಜಿನ ಆಚೆ ಬದಿ ಮೇಘಶ್ರೀ, ನಂದೀಶ್, ವಕೀಲ ಅಂಬರೀಶ್. ಈಚೆ ಬದಿ ತಿಮ್ಮರಾಯಪ್ಪ, ಹರಿಕೃಷ್ಣ. ಗೋವಿಂದಮ್ಮನಿಗೆ ಗೋಡೆಯ ಹತ್ತಿರ ಬೆಂಚು ಸಿಕ್ಕಿತು. ಮೇಘಶ್ರೀಯ ಕೈಗೆ ಆಗಲೇ ಆಪರೇಶನ್ ಆಗಿತ್ತು. ಪಟ್ಟಿಯಿಂದ ಹೊರಗೆ ಇಣುಕುತ್ತಿದ್ದ ಬೆರಳ ತುದಿಗಳು ಮೇಣದ ಬಣ್ಣಕ್ಕೆ ತಿರುಗಿದ್ದವು.

ತಿಮ್ಮರಾಯಪ್ಪ ಬಾಯಿಪಾಠ ಮಾಡಿದವನಂತೆ ಒಪ್ಪಿಸಿದ. ನಾಯಿ ಬೀದಿಯದು, ಗೇಟು ತೆರೆದಿತ್ತು, ಒಳಗೆ ನುಗ್ಗಿತು. ಮಾನವೀಯತೆಯಿಂದ ತಾನೇ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ಅದಕ್ಕೆ ಸಿಕ್ಕ ಫಲ ಇದು.

"ಹಾಗಾದ್ರೆ ಗೋಡೆಗೆ ಕೊಂಡಿ ಯಾಕಿತ್ತು?" ಎಂದ ಅಂಬರೀಶ್.

"ಹಸು ಕಟ್ತಿದ್ದೋ, ಹಿಂದೆ."

"ಸಾಕ್ಷಿ ಯಾರಾದರೂ?" ಎಸ್.ಐ. ಕೇಳಿದಳು. ಅಂಬರೀಶ್ ಮೇಘಶ್ರೀಯನ್ನು ನೋಡಿದ. ಮೇಘಶ್ರೀ ಯಾರನ್ನೂ ನೋಡಲಿಲ್ಲ. ಗೋವಿಂದಮ್ಮನ ಕಡೆಗಂತೂ ಕಣ್ಣೇ ತಿರುಗಿಸಲಿಲ್ಲ. ತನ್ನಿಂದ ಅವಳಿಗೆ ಇನ್ನು ಯಾವ ಆಸೆಯೂ ಉಳಿದಿಲ್ಲ ಎಂದು ಗೋವಿಂದಮ್ಮನಿಗೆ ಆಗ ತಿಳಿಯಿತು.

ಅವಳು ಎದ್ದು ನಿಂತಳು.

"ನಾಯಿ ನಮ್ದೇ ಮೇಡಂ."

ಕೋಣೆಯಲ್ಲಿ ಯಾರೋ ಫ್ಯಾನು ನಿಲ್ಲಿಸಿದಂತಾಯಿತು. "ಅಮ್ಮಾ, ಕೂತ್ಕೊ," ಎಂದ ಹರಿಕೃಷ್ಣ. ಅವಳು ಕೂರಲಿಲ್ಲ.

"ಅದ್ರ ಹೆಸ್ರು ಮಣಿ. ಮರಿಯಾಗಿದ್ದಾಗಿಂದ ನಾನೇ ಸಾಕಿದ್ದು. ಮುಂಚೇನೂ ಒಬ್ಬರ ಪ್ಯಾಂಟು ಹರ್ದಿತ್ತು. ಕಟ್ಟಿ ಅಂತ ಈ ಹುಡುಗ ಬಂದು ಕೇಳಿದ್ದ. ಅವತ್ತು ಬೆಳಿಗ್ಗೆ ಬಿಚ್ಚಿದ್ದು ನಾನು, ಕಟ್ಟದೆ ಒಳಗೆ ಹೋದೋಳೂ ನಾನು. ಗಾಯಕ್ಕೆ ಅರಿಶಿನ ತುಂಬಿದ್ದೂ ನಾನೇ. ಈಗ ನಾಯಿ ಉದ್ದನಪಲ್ಲೀಲಿ ನನ್ನ ತಮ್ಮನ ತ್ವಾಟದಲ್ಲೈತೆ." ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಳಗಿದ್ದದ್ದು ತಾನಾಗಿ ಹೊರಗೆ ಬಂತು. "ಈ ಮಗು ನಮ್ಮ ಬಾಗಿಲಿಗೆ ಬಂದು ನಾಯಿ ಚೆನ್ನಾಗೈತಾ ಅಂತ ಕೇಳ್ತು. ಭಯ ಬಿದ್ದು ಕೇಳ್ತು. ನಾನು ಯಾವ ನಾಯಿ ಅಂದ್ಬುಟ್ಟೆ. ಅದಕ್ಕೆ ಯಾವ ಕಾನೂನಿನಲ್ಲಿ ಏನು ಶಿಕ್ಷೆ ಐತೋ ನಂಗೆ ಗೊತ್ತಿಲ್ಲ."

ಎಸ್.ಐ. ಪೆನ್ನು ಕೆಳಗಿಟ್ಟು ಅವಳನ್ನು ನೋಡಿದಳು. ಆಮೇಲೆ ತಿಮ್ಮರಾಯಪ್ಪನನ್ನು ನೋಡಿದಳು. ಅವನು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ. ಊರಿನ ಪಂಚಾಯ್ತಿಗಳಲ್ಲಿ ಬೇರೆಯವರ ಸುಳ್ಳು ಹಿಡಿದು ಮಾತಾಡುತ್ತಿದ್ದ ಗಂಡಸು ಅವನು. ಅವನ ಕಿವಿಗಳು ಕೆಂಪಗಾಗಿದ್ದನ್ನು ಕಂಡು ಗೋವಿಂದಮ್ಮನಿಗೆ ಸಂಕಟವಾಯಿತು. ಅವನ ಮಾನವನ್ನೂ ತಾನೇ ಕಳೆದಂತಾಯಿತಲ್ಲ ಎನ್ನಿಸಿತು. ಹಗುರಾಗುತ್ತೇನೆಂದು ಅಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ.

ಕೇಸು ಕೋರ್ಟಿನವರೆಗೆ ಎಳೆಯಲಿಲ್ಲ. ಕಾನೂನು ನೆರವಿನ ಕಚೇರಿಯಲ್ಲೇ ಎರಡೂ ಕಡೆಯವರನ್ನು ಕೂರಿಸಿ ಒಪ್ಪಂದ ಬರೆದರು. ಚಿಕಿತ್ಸೆ ಪೂರ್ತಿಯಾಗುವವರೆಗಿನ ಖರ್ಚು, ಕೆಲಸಕ್ಕೆ ಹೋಗದ ತಿಂಗಳುಗಳ ಸಂಬಳ, ಕೈಯ ಊನಕ್ಕೆ ಪರಿಹಾರ ಇಷ್ಟನ್ನೂ ತಿಮ್ಮರಾಯಪ್ಪ ಕೊಡಲು ಒಪ್ಪಿದ. ಮನೆ ಖಾಲಿ ಮಾಡಿಸಲು ಒತ್ತಡ ಹಾಕಬಾರದೆಂದು ಅಂಬರೀಶ್ ಬರೆಸಿದ. ನಾಯಿಗೆ ಲಸಿಕೆ, ನಗರಪಾಲಿಕೆಯ ಪರವಾನಗಿ, ಹೊರಗೆ ಬಿಟ್ಟರೆ ಬಾಯಿಗೆ ಕುಕ್ಕೆ ಎಂದೂ ಸೇರಿತು. ತಿಮ್ಮರಾಯಪ್ಪ ಎಲ್ಲದಕ್ಕೂ ಸಹಿ ಹಾಕಿದ. ಮಾತಿಗೆ ತಪ್ಪಲೂ ಇಲ್ಲ. ಹೆಂಡತಿಯ ಜೊತೆ ಮಾತ್ರ ಬಹಳ ದಿನ, ಊಟ, ನೀರು ಎನ್ನುವುದರ ಆಚೆಗೆ ಮಾತಾಡಲಿಲ್ಲ.

ಮನೆ ಖಾಲಿ ಮಾಡಿ ಎಂದು ಯಾರೂ ಹೇಳಲಿಲ್ಲ. ಆದರೂ ನಂದೀಶ್, ಮೇಘಶ್ರೀ ಊರಿನ ಇನ್ನೊಂದು ಕಡೆಯ ಆಲಸನತ್ತಂನಲ್ಲಿ ಬೇರೆ ಮನೆ ಹಿಡಿದು ಹೊರಟರು. ಸಾಮಾನು ಸಾಗಿಸಲು ಹರಿಕೃಷ್ಣ ತನ್ನ ಗಾಡಿ ತರುತ್ತೇನೆಂದರೂ ಬೇಡವೆಂದು ಬೇರೆ ಗಾಡಿ ಕರೆಸಿದರು. ಹೊರಡುವಾಗ ಮೇಘಶ್ರೀ ಗೇಟಿನಲ್ಲಿ, "ಬರ್ತೀನಿ ಆಂಟಿ," ಎಂದಳು. ಬಾಡಿಗೆಯವರು ಹೊರಡುವಾಗ ಹೇಳುವ ಮಾತು ಅದು.

ಕೆಲವು ತಿಂಗಳ ಮೇಲೆ ಗೋವಿಂದಮ್ಮ ವಿಳಾಸ ಕೇಳಿಕೊಂಡು ಆಲಸನತ್ತಂಗೆ ಹೋದಳು. ಗಂಡನಿಗೆ ಹೇಳಿಯೇ ಹೋದಳು. ಅವನು, "ಹೋಗಿ ಬಾ," ಎಂದಷ್ಟೇ ಅಂದ. ತಲುಪಿದಾಗ ಮೇಘಶ್ರೀ ಬಾಗಿಲ ಹತ್ತಿರ ಕೂತು ಚಪಾತಿ ಹಿಟ್ಟಿನ ಒಂದು ಉಂಡೆಯನ್ನು ಬಲಗೈಯಲ್ಲಿ ಹಿಸುಕುತ್ತಿದ್ದಳು. ಫಿಸಿಯೋಥೆರಪಿಯವರು ಹೇಳಿಕೊಟ್ಟ ಅಭ್ಯಾಸ ಅದು. ನಡುಬೆರಳು ಮಡಚುತ್ತಿತ್ತು. ತೋರುಬೆರಳು ಅರ್ಧಕ್ಕೆ ಬಂದು ನಿಲ್ಲುತ್ತಿತ್ತು.

ಹುಡುಗಿ ಒಳಗೆ ಕರೆದಳು, ಚಾಪೆ ಹಾಸಿದಳು, ಕಾಫಿ ಮಾಡಿಕೊಟ್ಟಳು. ಕಾರ್ಖಾನೆಗೆ ವಾಪಸು ಹೋಗುತ್ತಿದ್ದಾಳಂತೆ. ಚಿಮಟ ಹಿಡಿಯಲು ಆಗದಿದ್ದರಿಂದ ಪ್ಯಾಕಿಂಗಿಗೆ ಹಾಕಿದ್ದಾರಂತೆ. ಡಬ್ಬಕ್ಕೆ ಟೇಪು ಅಂಟಿಸುವ ಕೆಲಸ. ನಂದೀಶನ ಬಗ್ಗೆ ಕೇಳಿದಾಗ, "ಚೆನ್ನಾಗಿದ್ದಾರೆ, ಈಗ ಮಾತಾಡ್ತೀವಿ," ಎಂದು ಸ್ವಲ್ಪ ನಕ್ಕಳು.

"ನನ್ನ ಕ್ಷಮಿಸ್ಬುಡು ಮೇಘ," ಎಂದಳು ಗೋವಿಂದಮ್ಮ.

ಮೇಘಶ್ರೀ ಹಿಟ್ಟಿನ ಉಂಡೆಯನ್ನು ಎತ್ತಿಕೊಂಡು ಮತ್ತೆ ಹಿಸುಕತೊಡಗಿದಳು. "ನಾಯಿ ಕಚ್ಚಿದ್ದಕ್ಕೆ ನಂಗೆ ಸಿಟ್ಟಿಲ್ಲ ಆಂಟಿ. ಯಾರ ಮನೇಲಾದ್ರೂ ಆಗುತ್ತೆ. ಸ್ಟೇಷನ್ನಲ್ಲಿ ನೀವು ಹೇಳದೇ ಇದ್ದಿದ್ರೆ ನಂಗೆ ಏನೂ ಸಿಗ್ತಿರ್ಲಿಲ್ಲ. ಅದೂ ಗೊತ್ತು." ಉಂಡೆಯನ್ನು ಕೆಳಗಿಟ್ಟಳು. "ಆದ್ರೆ ನೀವು ಇಲ್ಲಿಗೆ ಬರ್ಬೇಡಿ. ನಿಮ್ಮ ಮುಖ ನೋಡಿದ್ರೆ ಆ ಮಧ್ಯಾಹ್ನ ಬಾಗಿಲಲ್ಲಿ ನಿಂತಿದ್ದೇ ನೆನಪಾಗುತ್ತೆ. ಬೇಜಾರು ಮಾಡ್ಕೋಬೇಡಿ."

"ಇಲ್ಲಮ್ಮ," ಎಂದಳು ಗೋವಿಂದಮ್ಮ. ಕಾಫಿ ಲೋಟವನ್ನು ತಾನೇ ತೊಳೆದಿಡಲು ಎದ್ದಳು. ಮೇಘಶ್ರೀ, "ಇರಲಿ, ನಾನು ತೊಳೀತೀನಿ," ಎಂದು ಅದನ್ನು ಎಡಗೈಯಲ್ಲಿ ತೆಗೆದುಕೊಂಡಳು.

ಮಹಡಿಯ ಮನೆ ಅಲ್ಲಿಯವರೆಗೂ ಖಾಲಿಯಿತ್ತು. ಮಣಿಯನ್ನು ತೋಟದಿಂದ ವಾಪಸು ತಂದಿದ್ದರು. ಆ ಭಾನುವಾರ ಕೋಲಾರದ ಕಡೆಯ ಒಂದು ಸಂಸಾರ ನೋಡಲು ಬಂತು. ಗಂಡ, ಹೆಂಡತಿ, ಕಂಕುಳಲ್ಲಿ ಒಂದು ಹೆಣ್ಣು ಮಗು. ತಿಮ್ಮರಾಯಪ್ಪ ನೀರು ಚೆನ್ನಾಗಿ ಬರುತ್ತದೆ, ಕಂಪನಿ ವ್ಯಾನು ಬೀದಿಯ ತುದಿಗೇ ಬರುತ್ತದೆ ಎಂದೆಲ್ಲ ಹೇಳಿದ. ಅವರಿಗೆ ಮನೆ ಹಿಡಿಸಿತ್ತು. ಅಡುಗೆಮನೆಯ ಕಿಟಕಿ ತೆರೆದು ನೋಡಿ ಹೆಂಡತಿ ನಕ್ಕಳು.

"ಕೆಳಗೆ ನಾಯಿ ಐತೆ," ಎಂದಳು ಗೋವಿಂದಮ್ಮ.

ತಿಮ್ಮರಾಯಪ್ಪ ಅವಳತ್ತ ನೋಡಿದ.

"ಹಿತ್ತಲಲ್ಲಿ ಕಟ್ಟಾಕಿದೀವಿ, ಸೂಜಿ ಹಾಕ್ಸಿದೀವಿ. ಆದ್ರೆ ಅದು ಕಚ್ಚೋ ನಾಯಿ. ಮುಂಚೆ ಇಲ್ಲಿದ್ದ ಹುಡುಗೀನ ಕಚ್ಚಿ ಅವಳ ಬೆರಳು ಊನ ಆಯ್ತು. ತಪ್ಪು ನಂದೇ. ಯೋಚ್ನೆ ಮಾಡಿ ಹೇಳಿ."

ಹೆಂಡತಿ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು. ಫೋನು ಮಾಡುತ್ತೇವೆಂದು ಹೇಳಿ ಅವರು ಇಳಿದು ಹೋದರು. ಮಾಡಲಿಲ್ಲ.

ತಿಮ್ಮರಾಯಪ್ಪ ಅವಳನ್ನು ಬೈಯಲಿಲ್ಲ. ಸಂಜೆ ಜಗಲಿಯಲ್ಲಿ ಕೂತಿದ್ದಾಗ, "ಇಂಗೇ ಹೇಳ್ತಾ ಹೋದ್ರೆ ಯಾರೂ ಬರಲ್ಲ," ಎಂದ.

"ಬರ್ದಿದ್ರೆ ಬ್ಯಾಡ," ಎಂದಳು ಅವಳು. ಹಿತ್ತಲಲ್ಲಿ ಮಣಿ ಊಟಕ್ಕೆ ಕೂಗುತ್ತಿತ್ತು. ಗೋವಿಂದಮ್ಮ ಎದ್ದು ಒಳಗೆ ಹೋಗಿ ಅನ್ನ ಕಲಸತೊಡಗಿದಳು.